ನನ್ನ ಹಲ್ಲಿನ ಅಳತೆ ತೆಗೆದರು

ಶಹಾಪುರದ ಬಜಾರದಲ್ಲಿ ಈಗ ನನ್ನನ್ನು ದೂರದಿಂದ ಕಂಡರೆ ಕೆಲವರು ಓಣಿ ಬದಲಿಸುತ್ತಾರೆ. ತಪ್ಪು ನನ್ನದೇ. ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ, ಮೇಲಿನ ತುಟಿ ಎತ್ತಿ, "ಇದರಾಗ ಹೊಸಾದು ಯಾವುದು ಹೇಳ್ರಿ?" ಎಂದು ಕೇಳುತ್ತಿದ್ದೇನೆ. ಬಾಳೆಹಣ್ಣಿನ ಗಾಡಿಯವನಿಗೆ ಮೂರು ಸಲ ಕೇಳಿದ್ದೇನಂತೆ. ಮೂರನೆಯ ಸಲ ಅವನು, "ಮಾಸ್ತರ, ನಿನ್ನೆನೂ ಇದ ಹಲ್ಲ ತೋರಿಸೀರಿ, ಮೊನ್ನೆನೂ ಇದ ಹಲ್ಲ ತೋರಿಸೀರಿ. ಇನ್ನೊಂದು ಹಾಕಿಸ್ಕೊಂಡಾಗ ಬರ್ರಿ," ಅಂದ. ಅನ್ನಲಿ ಬಿಡಿ! ಆ ಹಲ್ಲಿಗಾಗಿ ನಾನು ಪಟ್ಟದ್ದು ಅವನಿಗೇನು ಗೊತ್ತು?

ನಾನು ಟೇಲರ್. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಅಂಗಡಿಯಲ್ಲಿ ಕೂತವನು. ಎದೆ, ಸೊಂಟ, ತೋಳು, ಉದ್ದ ಬಿಟ್ಟರೆ ಬೇರೆ ಏನನ್ನೂ ಬರೆದವನಲ್ಲ. ಇಷ್ಟುದ್ದ ಬರೆಯುತ್ತಿರುವುದು ಜನ್ಮದಲ್ಲಿ ಇದೇ ಮೊದಲು. ಬರೆಯುವುದಕ್ಕೆ ಕಾರಣ ಇದೆ. ಯಾದಗಿರಿಯ ಹಲ್ಲಿನ ದವಾಖಾನೆಯ ಬೆಂಚಿನ ಮೇಲೆ ನಾನು ಮುಖ ಬಾಡಿಸಿಕೊಂಡು ಕೂತಿದ್ದ ದಿನ, "ನನಗೂ ಹಿಂಗ ಆಗಿತ್ತಪ್ಪ, ಆಮ್ಯಾಲೆ ಛಲೋ ಆಯ್ತು" ಎಂದು ಹೇಳುವವರು ಒಬ್ಬರೂ ಸಿಗಲಿಲ್ಲ. ಈಗ ಅಂಥ ಬೆಂಚಿನ ಮೇಲೆ ಕೂತವರು ಯಾರಾದರೂ ಇದ್ದರೆ, ಆ ಮಾತು ಹೇಳುವವನು ನಾನೇ ಆಗಲಿ ಅಂತ.

ಮೊದಲು ಹಲ್ಲು ಹೋದದ್ದು ಹೇಳುತ್ತೇನೆ. ನಮ್ಮ ಕೆಲಸದವರಿಗೆ ಎರಡು ಕತ್ತರಿ. ಒಂದು ಟೇಬಲ್ ಮೇಲೆ, ಇನ್ನೊಂದು ಬಾಯಲ್ಲಿ. ಗುಂಡಿ ಹಚ್ಚಿ ಮುಗಿದ ಮೇಲೆ ಬಟ್ಟೆಯ ರಾಶಿಯಲ್ಲಿ ಕತ್ತರಿ ಹುಡುಕುತ್ತ ಯಾರು ಕೂಡುತ್ತಾರೆ? ಬಟ್ಟೆಯನ್ನು ಬಾಯಿಗೆ ತರುವುದು, ಮುಂದಿನ ಹಲ್ಲಿನಲ್ಲಿ ದಾರ ಹಿಡಿಯುವುದು, ಕಟ್. ಅಪ್ಪ ಹಾಗೆ ಮಾಡುತ್ತಿದ್ದ, ನಾನೂ ಹಾಗೇ ಕಲಿತೆ. ಐವತ್ತು ವರ್ಷ ಕಡಿದೂ ಕಡಿದೂ ಮೇಲಿನ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ದಾರ ತಾನಾಗಿ ಹೋಗಿ ಅದರಲ್ಲಿ ಕೂಡುತ್ತಿತ್ತು. ಹೋದ ವರ್ಷ ಶಾಲೆ ತೆರೆಯುವ ಹೊತ್ತಿಗೆ ಯಾರದೋ ಮಗುವಿನ ಪಾಟಿಚೀಲಕ್ಕೆ ಜಿಪ್ ಹಚ್ಚುತ್ತಿದ್ದೆ. ನೈಲಾನ್ ದಾರ. ಕಡಿದೆ. ದಾರ ಹರಿಯಲಿಲ್ಲ, ಹಲ್ಲು ಹರಿಯಿತು.

ಆ ಸಂಜೆ ಸುರಪುರದಿಂದ ಮಗಳು ವಿಡಿಯೋ ಕಾಲ್ ಮಾಡಿದಳು. ಅವಳ ಮಗಳು, ನನ್ನ ಮೊಮ್ಮಗಳು ಶ್ರಾವಣಿ, ಏಳು ವರ್ಷದವಳು, ಫೋನಿಗೆ ಮೂಗು ಹಚ್ಚಿ ನೋಡಿ ಕೂಗಿದಳು.

"ಅವ್ವಾ, ಮುತ್ಯಾನ ಬಾಯಾಗ ಕಿಡಕಿ ಆಗ್ಯದ!"

ಎಲ್ಲರೂ ನಕ್ಕರು. ನಾನು ಕೈ ಅಡ್ಡ ಹಿಡಿದು ನಕ್ಕೆ. ಅಂದಿನಿಂದ ಆ ಕೈ ಬಾಯಿ ಬಿಟ್ಟು ಸರಿಯಲಿಲ್ಲ.

ಯಾದಗಿರಿ ಸ್ಟೇಶನ್ ಕಡೆ ಒಬ್ಬರು ಹಲ್ಲಿನ ಡಾಕ್ಟರ್ ಮೇಡಂ ಇದ್ದಾರೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸಣ್ಣವರು. ಬೇರು ಸೀಳಿದೆ, ಉಳಿಯುವುದಿಲ್ಲ ಎಂದು ಕಿತ್ತರು. ಗಾಯ ಮಾಯಲಿ ಎಂದು ಆರು ತಿಂಗಳು ಹಾಕಿ ತೆಗೆಯುವ ಪ್ಲೇಟು ಕೊಟ್ಟರು. ಅಂಗುಳಕ್ಕೆ ಅಂಟಿಕೊಂಡು ಕೂಡುವ ಗುಲಾಬಿ ತುಂಡು, ಅದರ ತುದಿಗೆ ಒಂದು ಹಲ್ಲು. ಹಾಕಿದರೆ ವಾಂತಿ ಬಂದಂತಾಗುತ್ತಿತ್ತು, ಹಾಕದಿದ್ದರೆ ಕಿಡಕಿ. ಒಂದು ದಿನ ಗಿರಾಕಿ ಹೆಣ್ಣುಮಗಳೊಬ್ಬಳ ಕುಬಸದ ಅಳತೆ ಕೂಗುತ್ತಿದ್ದೆ. "ಸೊಂಟ" ಅನ್ನುವಷ್ಟರಲ್ಲಿ ಪ್ಲೇಟು ಹಾರಿ ಅವಳ ಹೊಸ ಖಣದ ಮೇಲೆ ಹೋಗಿ ಕೂತಿತು.

ಆಕೆ ಖಣ ನೋಡಿದಳು, ನನ್ನ ನೋಡಿದಳು. "ಮಾಸ್ತರ, ಇದನ್ನೂ ಕುಬಸಕ್ಕ ಹಚ್ಚತೀರೇನು?" ಅಂದಳು.

ಅವಳು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅಂದಿನಿಂದ ನಾನು ಅಂಗಡಿಯಲ್ಲಿ ಮಾತು ಬಿಟ್ಟೆ. ಟೇಪು ಹಿಡಿಯಲು ಎರಡೂ ಕೈ ಬೇಕು, ಬಾಯಿ ಮುಚ್ಚಿಕೊಳ್ಳಲು ಮೂರನೆಯ ಕೈ ಎಲ್ಲಿಂದ ತರಲಿ? ತುಟಿ ಬಿಗಿ ಹಿಡಿದು ಅಳೆಯುವುದು, ಸುಮ್ಮನೆ ಬರೆದುಕೊಳ್ಳುವುದು. ದಿನಕ್ಕೆ ನೂರು ಮಂದಿಯ ಜೊತೆ ಹರಟುತ್ತಿದ್ದವನು ನಾನು. ಟೇಲರ್ ಮಾಸ್ತರಿಗೆ ಸೊಕ್ಕು ಬಂದಿದೆ ಎಂದರು ಜನ.

ಆರು ತಿಂಗಳು ಕಳೆದ ಮೇಲೆ ಮೇಡಂ ಇಂಪ್ಲಾಂಟ್ ಮಾತು ತೆಗೆದರು. ದವಡೆಯ ಎಲುಬಿನೊಳಗೆ ಸಣ್ಣ ಸ್ಕ್ರೂ ಕೂಡಿಸುತ್ತಾರೆ. ಎಲುಬು ಬೆಳೆದು ಬಂದು ಅದನ್ನು ಅಪ್ಪಿ ಹಿಡಿಯಬೇಕು. ಹಿಡಿದರೆ ಅದರ ಮೇಲೆ ಹಲ್ಲು ಕಟ್ಟುತ್ತಾರೆ, ಅದು ನಮ್ಮದೇ ಹಲ್ಲಿನಂತೆ ಇರುತ್ತದೆ. ಮನೆಗೆ ಬಂದು ಹೆಂಡತಿ ನೀಲಮ್ಮನಿಗೆ ಹೇಳಿದೆ. ಸಗರದ ಹೆಣ್ಣುಮಗಳು ಅವಳು, ಮಾತು ಸುತ್ತಿ ಬಳಸಿ ಆಡುವವಳಲ್ಲ.

"ಎಲುಬಿಗೆ ಮೊಳಿ ಹೊಡಿಸ್ಕೊಳ್ಳೋದಾ? ಕ್ಯಾಲೆಂಡರ್ ಹಾಕಾಕ ಗ್ವಾಡಿಗೆ ಒಂದು ಮೊಳಿ ಹೊಡೀರಿ ಅಂದ್ರ ಆರು ತಿಂಗಳಾತು ನೀವು ಹೊಡದಿಲ್ಲ!"

"ಅದು ಗ್ವಾಡಿ. ಇದು ಬಾಯಿ."

"ಹೌದೌದು. ಗ್ವಾಡಿ ಅಳಂಗಿಲ್ಲ, ನೀವು ಅಳ್ತೀರಿ."

ಅತ್ತೆನೋ ಇಲ್ಲವೋ ಹೇಳುವುದಿಲ್ಲ. ಆದರೆ ಸೂಜಿ ಕೊಟ್ಟ ಮೇಲೆ ನೋವು ಅಂಥದ್ದೇನಿರಲಿಲ್ಲ. ತಲೆಯೊಳಗೆ ಗಿರಣಿ ನಡೆದಂತೆ ಸದ್ದು, ಅಷ್ಟೇ. ನನ್ನ ಕೈಯನ್ನು ಅಲ್ಲಿಯ ನರ್ಸಮ್ಮ ಹಿಡಿದುಕೊಂಡಿದ್ದಳು. ಆ ಕೈ ನಾನು ಮರೆಯುವುದಿಲ್ಲ. ಸ್ಕ್ರೂ ಕೂತಾದ ಮೇಲೆ ಮೇಡಂ ಹೇಳಿದರು:

"ಮುತ್ಯಾ, ಈಗ ಅಳತಿ ತಗೀತೀನಿ. ನೋಯಿಸಂಗಿಲ್ಲ, ಮುಟ್ಟಂಗೂ ಇಲ್ಲ."

ಅಳತೆ! ಆ ಮಾತು ಕೇಳಿ ನನ್ನ ಕಿವಿ ನೆಟ್ಟಗಾದವು. ಜೀವಮಾನವೆಲ್ಲ ಊರ ಮಂದಿಯ ಅಳತೆ ತೆಗೆದವನು ನಾನು, ನನ್ನ ಅಳತೆ ಯಾರಾದರೂ ತೆಗೆಯುತ್ತೇನೆ ಅಂದದ್ದು ಅಂದೇ. ಸ್ಕ್ರೂನ ತಲೆಗೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಕಡ್ಡಿಯೊಂದನ್ನು ತಿರುವಿ ಕೂಡಿಸಿದರು. ಪೆನ್ನಿನಂಥ ಮಿಷನ್ನಿನ ಮೂತಿಯನ್ನು ಅದರ ಹತ್ತಿರ ಒಯ್ದರು. ನಿಜಕ್ಕೂ ಮುಟ್ಟಿಸಲಿಲ್ಲ. ಪೀಂ ಎಂದಿತು. ಮುಂದಿನಿಂದ ಒಮ್ಮೆ, ಬಾಜುವಿನಿಂದ ಒಮ್ಮೆ. ಮಿಷನ್ನಿನ ಗಾಜಿನ ಮೇಲೆ ಅಂಕಿ ಬಂತು: ಅರವತ್ತಾರು.

"ಮುಟ್ಟದನ ಅಳತಿ ಹ್ಯಾಂಗ ಬರ್ತದ್ರಿ ಮೇಡಂ?" ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳಿದೆ.

"ತಂತಿ ಬಿಗಿ ಕಟ್ಟಿದ್ರ ಒಂದು ದನಿ, ಸಡ್ಲ ಇದ್ರ ಒಂದು ದನಿ ಬರ್ತದಲ್ಲ? ಇದು ಸ್ಕ್ರೂ ನಡಗೋ ದನಿ ಕೇಳಿ ಅಂಕಿ ಹೇಳ್ತದ. ಎಪ್ಪತ್ತು ದಾಟಿದ್ರ ನಾ ಕಣ್ಣ ಮುಚ್ಚಿ ಹಲ್ಲ ಕಟ್ತೀನಿ. ಅರವತ್ತಕ್ಕಿಂತ ಕೆಳಗ ಬಂದ್ರ ಕಟ್ಟಂಗಿಲ್ಲ, ಕಾಯೋದ."

"ಅರವತ್ತಾರು ಬಂದದಲ್ಲ, ಇನ್ನ ನಾಕ ಬೇಕು!"

"ಅಷ್ಟು ಸರಳ ಇಲ್ಲ ಮುತ್ಯಾ. ಇವತ್ತಿನ ಅಂಕಿ ನಾ ತಿರುವಿದ ಬಿಗುವಿಂದು, ಎಲುಬಿಂದಲ್ಲ. ಈ ಬಿಗು ಒಂದಿಷ್ಟು ಸಡ್ಲ ಆಗ್ತದ, ಆಮ್ಯಾಲೆ ಎಲುಬು ಬಂದು ಹಿಡೀತದ."

ನನಗೆ ತಟ್ಟನೆ ತಿಳಿಯಿತು. "ಅಂದ್ರ ಇವತ್ತಿಂದು ಕಚ್ಚಾ ಟಾಕಾ. ಬಟ್ಟಿ ಸರಿಯಬಾರದು ಅಂತ ಮೊದ್ಲ ಹಾಕ್ತೀವಲ್ಲ, ಅದು. ಅದು ಬಿಚ್ಚಿ ಹೋಗೂದ್ರಾಗ ಪಕ್ಕಾ ಹೊಲಿಗಿ ಬೀಳಬೇಕು."

ಮೇಡಂ ಕೈಯಲ್ಲಿದ್ದದ್ದು ಕೆಳಗಿಟ್ಟು ನನ್ನನ್ನೇ ನೋಡಿದರು. "ಇನ್ನ ಮುಂದ ಎಲ್ಲಾರಿಗೂ ನಾ ಇದನ್ನ ಹೇಳ್ತೀನಿ," ಅಂದರು. ನನಗೆ ಖುಷಿಯೋ ಖುಷಿ!

ಸ್ಕ್ರೂನ ಮೇಲೆ ಅಂದೇ ಒಂದು ಹಗುರ ಹಲ್ಲು ಕೂಡಿಸಿ ಕಳಿಸಿದರು. "ಇದು ಬರೇ ಮಂದಿಗಿ ತೋರ್ಸಾಕ. ಇದರಿಂದ ಏನೂ ಕಡಿಬ್ಯಾಡ್ರಿ. ರೊಟ್ಟಿನೂ ಇಲ್ಲ, ಹಣ್ಣೂ ಇಲ್ಲ. ಈ ಸ್ಕ್ರೂ ಕೈಕೊಟ್ರ ಅಲ್ಲಿ ಕುಣಿ ಬೀಳ್ತದ, ನಿಮ್ಮ ಎಲುಬು ಮೊದ್ಲ ತೆಳು. ಮತ್ತೊಂದು ಹಾಕಬೇಕಂದ್ರ ಬ್ಯಾರೆ ಎಲುಬು ತಂದು ತುಂಬಬೇಕಾಗ್ತದ." ಅಷ್ಟೆಲ್ಲ ಮತ್ತೊಮ್ಮೆ ಮಾಡಿಸಿಕೊಳ್ಳುವ ಎದೆ ನನಗಿಲ್ಲ ಎಂದು ಆಗಲೇ ಗೊತ್ತಿತ್ತು. ಇದು ಹಿಡಿದರೆ ಹಲ್ಲು, ಇಲ್ಲದಿದ್ದರೆ ಸಾಯುವ ತನಕ ಆ ಹಾರುವ ಪ್ಲೇಟು.

ಎರಡು ತಿಂಗಳು ನಾನು ಎಷ್ಟು ಜೋಪಾನವಾಗಿದ್ದೆ ಅಂದರೆ, ಹಸಿ ಬಾಣಂತಿಯೂ ಹಾಗಿರಲಿಕ್ಕಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದೆ. ಶೇಂಗಾ ಮುಟ್ಟಲಿಲ್ಲ. ಮತ್ತು ಆ ಎರಡು ತಿಂಗಳು ನನ್ನ ಬಾಳಿನಲ್ಲೇ ಸಂತೋಷದ ಎರಡು ತಿಂಗಳು! ಯಾಕೆಂದರೆ ಸುರಪುರದಲ್ಲಿ ಶ್ರಾವಣಿಯ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಇತ್ತು. ಹನ್ನೆರಡು ಹುಡುಗಿಯರ ಕೋಲಾಟ. ಹನ್ನೆರಡು ನೀಲಿ ಲಂಗಗಳನ್ನು ನಾನೇ ಹೊಲಿದು ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಅಂಚಿನ ತುಂಬ ಚಮ್ಕಿ. ಮಷೀನಿನಲ್ಲಿ ಆಗುವ ಕೆಲಸವಲ್ಲ, ಒಂದೊಂದನ್ನೂ ಕೈಯಲ್ಲಿ ಹಚ್ಚಬೇಕು. ಹಗಲೆಲ್ಲ ಹಚ್ಚಿದೆ. ಗ್ಯಾದರಿಂಗ್ ದಿನ ಲೈಟು ಬಿದ್ದಾಗ ಆ ಲಂಗಗಳು ಮಿಂಚಿದ್ದೇನು, ನಡುವೆ ನಮ್ಮ ಶ್ರಾವಣಿ ತಿರುಗಿದ್ದೇನು! ಪಕ್ಕದವರಿಗೆಲ್ಲ, "ಆ ನಡುವಿನಾಕಿ ನನ್ನ ಮೊಮ್ಮಗಳ್ರಿ, ಆ ಲಂಗ ನಾ ಹೊಲಿದದ್ರಿ," ಎಂದು ಹೇಳಿದೆ. ಕೈ ಅಡ್ಡ ಹಿಡಿಯದೆ ಹೇಳಿದೆ.

ಆಮೇಲೆ ಎರಡನೆಯ ಅಳತೆಯ ದಿನ ಬಂತು. ಆ ಮಿಷನ್ನು ಯಾದಗಿರಿಯದಲ್ಲ. ತಿಂಗಳಿಗೊಮ್ಮೆ ಕಲಬುರಗಿಯಿಂದ ತರಿಸುತ್ತಾರೆ. ಹಾಗಾಗಿ ಅಳತೆಯವರೆಲ್ಲ ಒಂದೇ ದಿನ ಬಂದು ಸೇರುತ್ತಾರೆ. ಪರೀಕ್ಷೆಯ ರಿಸಲ್ಟಿಗೆ ಬಂದವರ ಹಾಗೆ ಬೆಂಚಿನ ಮೇಲೆ ಸಾಲಾಗಿ ಕೂಡುತ್ತೇವೆ. ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡುವುದಿಲ್ಲ. ಅಂದು ನನ್ನ ಪಕ್ಕದಲ್ಲಿ ಮುದನಾಳದ ರೈತ ಹಣಮಂತ್ರಾಯ ಕೂತಿದ್ದ. ಅವನಿಗೂ ನನ್ನದೇ ವಾರದಲ್ಲಿ ಸ್ಕ್ರೂ ಕೂಡಿಸಿದ್ದರು, ಕೆಳಗಿನ ದವಡೆಗೆ. ಅವನು ಮೊದಲು ಒಳಗೆ ಹೋದ. ಹೊರಗೆ ಬರುವಾಗ ಹೆಗಲ ಮೇಲಿನ ಟವೆಲ್ ತೆಗೆದು ಬೀಸುತ್ತ ಬಂದ.

"ಎಪ್ಪತ್ನಾಕು! ಟೇಲರ್ ಮುತ್ಯಾ, ನಿಮ್ದು ಎಂಬತ್ತು ಬರ್ತದ ನೋಡ್ರಿ, ನೀವು ಭಾಳ ನೇಮದವ್ರು!"

ಒಳಗೆ ಹೋದೆ. ತೋರಿಕೆಯ ಹಲ್ಲು ಬಿಚ್ಚಿದರು, ಕಡ್ಡಿ ಕೂಡಿಸಿದರು. ಪೀಂ. ಮೇಡಂ ಮತ್ತೊಮ್ಮೆ ಅಳೆದರು. ಪೀಂ. ನಾನು ಓರೆಗಣ್ಣಿನಿಂದ ಗಾಜು ನೋಡಿದೆ. ಐವತ್ತೆರಡು.

ಮೂವತ್ತೈದಕ್ಕೆ ಪಾಸು ಎಂದು ಶಾಲೆಯಲ್ಲಿ ಕಲಿತದ್ದು ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

"ಮುತ್ಯಾ, ಖರೇ ಹೇಳ್ರಿ. ಏನಾರ ಕಡದೀರೇನು?"

"ಇಲ್ಲ ಮೇಡಂ. ಈ ಕೊರಳಾಗಿನ ಲಿಂಗದ ಆಣಿ, ಒಂದು ಶೇಂಗಾ ಕಾಳು ಸೈತ ಕಡದಿಲ್ಲ."

ಮೇಡಂ ಬಹಳ ಹೊತ್ತು ಎಕ್ಸ್‌ರೇ ನೋಡಿದರು. "ಎರಡು ತಿಂಗಳು ಬಿಟ್ಟು ಮತ್ತ ಅಳೀತೀನಿ. ಏರಿದ್ರ ಹಲ್ಲ ಕಟ್ತೀನಿ. ಇನ್ನಷ್ಟು ಇಳಿದ್ರ..." ಎಂದು ನಿಲ್ಲಿಸಿ, "ಇಳಿದ್ರ ತಗೀಬೇಕಾಗ್ತದ," ಅಂದರು.

ಹೊರಗೆ ಹಣಮಂತ್ರಾಯ ಕಾದು ನಿಂತಿದ್ದ. "ಎಷ್ಟ ಬಂತು?" ಅಂದ. "ಇನ್ನಾ ನೋಡಾಕತ್ತಾರ," ಎಂದು ಸುಳ್ಳು ಹೇಳಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ. ಶಹಾಪುರದ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಎಲ್ಲಿ ತಪ್ಪಿದೆ? ನನ್ನ ಎಲುಬೇ ಮುದಿಯಾಯಿತೇ? ಇದೇ ಲೆಕ್ಕ.

ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನೀಲಮ್ಮ ಚಹಾ ತೆಗೆದುಕೊಂಡು ಅಂಗಡಿಗೆ ಬಂದಳು. ನಾನು ಒಂದು ನೀಲಿ ಶರ್ಟಿಗೆ ಗುಂಡಿ ಹಚ್ಚುತ್ತಿದ್ದೆ. ಅವಳು ಚಹಾ ಇಡಲಿಲ್ಲ. ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಈಗ ಏನ ಮಾಡಿದ್ರಿ?" ಅಂದಳು.

"ಗುಂಡಿ ಹಚ್ಚಿದೆ."

"ಆಮ್ಯಾಲೆ?"

"ಗಂಟು ಹಾಕಿದೆ."

"ಆಮ್ಯಾಲೆ?"

"ಆಮ್ಯಾಲೆ ಏನು, ಇನ್ನೊಂದು ಗುಂಡಿ ತಗೊಂಡೆ."

"ಗಂಟಿಗೂ ಇನ್ನೊಂದು ಗುಂಡಿಗೂ ನಡುವ ಏನ ಮಾಡಿದ್ರಿ?"

ನನಗೆ ಹೊಳೆಯಲಿಲ್ಲ. ಆಣೆಗೂ ಹೊಳೆಯಲಿಲ್ಲ. ಅವಳು ಹತ್ತಿರ ಬಂದು ನನ್ನ ಕೆಳತುಟಿಯಿಂದ ಏನನ್ನೋ ಎರಡು ಬೆರಳಲ್ಲಿ ಹಿಡಿದು ನನ್ನ ಕಣ್ಣ ಮುಂದೆ ತಂದಳು. ನೀಲಿ ದಾರದ ತುಂಡು.

"ಇದು ನಿಮ್ಮ ಬಾಯಿಗೆ ಹ್ಯಾಂಗ ಬಂತು? ಹಾರಿ ಬಂತೇನು?"

ಅಯ್ಯೋ ದೇವರೇ! ಕೈಗೆ ಗೊತ್ತು, ಹಲ್ಲಿಗೆ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ. ಐವತ್ತು ವರ್ಷದ ಅಭ್ಯಾಸ, ಅದು ನನ್ನನ್ನು ಕೇಳಿ ಮಾಡುವ ಕೆಲಸವೇ ಅಲ್ಲ. ರೊಟ್ಟಿ ಕಡಿಯಲಿಲ್ಲ, ಶೇಂಗಾ ಕಡಿಯಲಿಲ್ಲ ಎಂದು ಬೀಗುತ್ತಿದ್ದೆ. ಆದರೆ ಹನ್ನೆರಡು ಲಂಗದ ಒಂದೊಂದು ಚಮ್ಕಿಗೂ ಒಂದೊಂದು ಸಲ ಆ ತೋರಿಕೆಯ ಹಲ್ಲಿನಿಂದ ದಾರ ಜಗ್ಗಿ ಹರಿದಿದ್ದೆ. ಪಕ್ಕಾ ಹೊಲಿಗೆ ಬೀಳುವ ಮುಂಚೆ ಕಚ್ಚಾ ಟಾಕಾ ಹಿಡಿದು ದಿನವೂ ಜಗ್ಗಿದ್ದೇನೆ. ಇದನ್ನು ಬೇರೆ ಯಾರಾದರೂ ಮಾಡಿದ್ದರೆ ನಾನೇ ಬೈಯುತ್ತಿದ್ದೆ.

ಹಲ್ಲಿನ ಚಿಂತೆ ಒಂದು ಕಡೆ. ಲಿಂಗದ ಆಣೆ ಹಾಕಿ ಬಂದಿದ್ದೆನಲ್ಲ! ಮರುದಿನ ಅಂಗಡಿ ತೆರೆಯಲಿಲ್ಲ. ಮೊದಲ ಬಸ್ಸಿಗೆ ಯಾದಗಿರಿಗೆ ಹೋದೆ. ಕಸ ಹೊಡೆಯುವ ಹೊತ್ತಿಗೇ ದವಾಖಾನೆಯ ಮುಂದೆ ನಿಂತಿದ್ದೆ. ಮೇಡಂ ಗಾಬರಿಯಾದರು.

"ಯಾಕ ಮುತ್ಯಾ, ಬ್ಯಾನಿ ಶುರುವಾತೇನು?"

"ಇಲ್ಲ ಮೇಡಂ. ನಾ ಸುಳ್ಳ ಆಣಿ ಮಾಡೀನಿ. ಕಡದೀನಿ. ದಾರ ಕಡದೀನಿ."

ಎಲ್ಲ ಹೇಳಿದೆ. ಚಮ್ಕಿಯಿಂದ ಹಿಡಿದು ತುಟಿಯ ಮೇಲಿನ ನೀಲಿ ದಾರದ ತನಕ. ಹೇಳುತ್ತ ಹೇಳುತ್ತ ದನಿ ಒಡೆಯಿತು. ಅರವತ್ತು ದಾಟಿದವನು, ಎಳೆ ಹುಡುಗಿಯ ಮುಂದೆ ನಿಂತು ಅಳುವುದೆಂದರೆ! ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂಡಿಸಿದರು, ನೀರು ಕೊಟ್ಟರು.

"ನೀವು ಇದನ್ನ ಹೇಳದ ಇದ್ದಿದ್ರ, ನಾ ನಿಮ್ಮ ಎಲುಬಿನ ತಪ್ಪು ಅಂತ ತಿಳೀತಿದ್ದೆ ಮುತ್ಯಾ. ಈಗ ಒಂದ ದಾರಿ ಅದ," ಅಂದರು. "ಆ ತೋರಿಕಿ ಹಲ್ಲು ತಗೀತೀನಿ. ಹಲ್ಲ ಇಲ್ಲಂದ್ರ ದಾರ ಹ್ಯಾಂಗ ಹಿಡೀತೀರಿ? ಎರಡು ತಿಂಗಳು ಕಿಡಕಿ ತಕ್ಕೊಂಡ ಇರ್ರಿ. ಎಲುಬಿಗೆ ಆರಾಮ ಸಿಕ್ರ ಹಿಡೀಬಹುದು. ಹಿಡೀತದ ಅಂತ ನಾ ಆಣಿ ಮಾಡಂಗಿಲ್ಲ ಮತ್ತ!"

ಅಳುವಿನ ನಡುವೆಯೇ ನಗು ಬಂತು.

ಕಿಡಕಿಯೊಂದಿಗೆ ಮನೆಗೆ ಬಂದೆ. ನೀಲಮ್ಮನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಆ ಹಲ್ಲ ಇಲ್ಲಂದ್ರ ಬಾಜೂ ಹಲ್ಲಿಲೆ ಕಡೀತೀರಿ, ನಿಮ್ಮನ್ನ ನಾ ಬಲ್ಲೆ," ಎಂದು ಉಳಿದ ಅರಿವೆಯ ತುಂಡಿನಿಂದ ಬಾಯಿಗೆ ಕಟ್ಟುವ ಮಾಸ್ಕು ಮಾಡಿದಳು. ನನ್ನ ಕೈಗೆ ಕೊಡಲಿಲ್ಲ, ಅದನ್ನು ಹೊಲಿಯುವಾಗಲೂ ನಾನು ದಾರ ಕಡಿಯುತ್ತೇನೆ ಎಂದು ತಾನೇ ಹೊಲಿದಳು. ಆ ಹೊಲಿಗೆ ನೋಡಬೇಕಿತ್ತು! ಒಂದು ಟಾಕಾ ಇಲ್ಲಿ, ಇನ್ನೊಂದು ಅಲ್ಲಿ. ಟೇಲರನ ಮುಖದ ಮೇಲೆ ಅಂಥ ಹೊಲಿಗೆ ಇಟ್ಟುಕೊಂಡು ಎರಡು ತಿಂಗಳು ಅಂಗಡಿಯಲ್ಲಿ ಕೂತೆ. ಒಂದು ಸಣ್ಣ ಕತ್ತರಿಗೆ ಲಾಡಿ ಕಟ್ಟಿ ಕೊರಳಿಗೂ ಹಾಕಿದಳು.

ಬಂದವರೆಲ್ಲ ಕೇಳುವವರೇ. "ಮಾಸ್ತರ, ಮತ್ತ ಕೊರೊನಾ ಬಂತೇನು?"

"ನನಗಷ್ಟ ಬಂದದ," ಅನ್ನುತ್ತಿದ್ದೆ. "ನಿಮಗ ಅಂಟಂಗಿಲ್ಲ, ಕೈ ಮ್ಯಾಲೆತ್ರಿ, ತೋಳಿನ ಅಳತಿ ತಗೀತೀನಿ."

ಒಂದು ಚಮತ್ಕಾರ ನೋಡಿ: ಬಾಯಿ ಮುಚ್ಚಿದ ಮೇಲೆ ನನ್ನ ಮಾತು ತಿರುಗಿ ಬಂತು! ಮಾಸ್ಕಿನ ಹಿಂದೆ ಕಿಡಕಿ ಯಾರಿಗೆ ಕಾಣುತ್ತದೆ? ಅಳತೆ ಕೂಗುತ್ತಿದ್ದೆ, ಹರಟುತ್ತಿದ್ದೆ. ದಿನಕ್ಕೆ ಎಷ್ಟು ಸಲ ಕೈ ಬಟ್ಟೆ ಎತ್ತಿಕೊಂಡು ಬಾಯಿಗೆ ಬಂತೋ ಲೆಕ್ಕವಿಲ್ಲ. ಪ್ರತಿ ಸಲವೂ ಮಾಸ್ಕಿಗೆ ಬಡಿದು ಎಚ್ಚರಾಗುತ್ತಿದ್ದೆ. ಕತ್ತರಿ ಹುಡುಕುತ್ತಿದ್ದೆ, ಕೊರಳಲ್ಲೇ ಇರುತ್ತಿತ್ತು. ಎರಡು ತಿಂಗಳಲ್ಲಿ ಕೈ ತಾನಾಗಿ ಕೊರಳಿಗೆ ಹೋಗಲು ಕಲಿಯಿತು.

ಮೂರನೆಯ ಅಳತೆಗೆ ನಾವು ಮೂವರು ಹೋದೆವು. ಬೇಸಿಗೆ ರಜೆಗೆ ಬಂದಿದ್ದ ಶ್ರಾವಣಿ ಬಿಟ್ಟು ಇರುವುದಿಲ್ಲ ಎಂದಳು. ನೀಲಮ್ಮ ಅಬ್ಬೆತುಮಕೂರಿನ ಮಠದ ಭಸ್ಮ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದಳು. ಬೆಂಚಿನ ಮೇಲೆ ಕೂತಾಗ ಅದನ್ನು ಬಿಚ್ಚಿ ನನ್ನ ಹಣೆಗೆ ಹಚ್ಚಿದಳು, ಉಳಿದದ್ದನ್ನು ತುಟಿಯ ಮೇಲೂ ಹಚ್ಚಲು ಬಂದಳು. "ಒಳಗ ಹೋಗೂದು ಸ್ವಚ್ಛ ಇರಬೇಕಂತ," ಎಂದು ತಪ್ಪಿಸಿಕೊಂಡೆ. ಶ್ರಾವಣಿ ಮಾತ್ರ ನನ್ನ ಜೊತೆ ಒಳಗೆ ಬಂದಳು.

ನಾನು ಕಣ್ಣು ಮುಚ್ಚಿದೆ. ಪೀಂ. ಮೇಡಂ ಮತ್ತೊಮ್ಮೆ ಅಳೆದರು. ಪೀಂ. ಹೋದ ಸಲವೂ ಹೀಗೇ ಆಗಿತ್ತು. ಮತ್ತೆ ಪೀಂ.

"ಹೊರಗ ನಿಮ್ಮ ಅಜ್ಜಿ ಕೂತಾರಲ್ಲ, ಅವರನ್ನ ಒಳಗ ಕರಿ ಪುಟ್ಟಿ," ಅಂದರು ಮೇಡಂ.

ಮುಗಿಯಿತು ಅಂದುಕೊಂಡೆ. ಮನೆಯವರನ್ನು ಕರೆದು ಹೇಳುವಂಥದ್ದು ಅಂದರೆ ತೆಗೆಯುವ ಮಾತೇ. ಆ ಪ್ಲೇಟು, ಆ ಖಣ, ಬಿಗಿ ಹಿಡಿದ ತುಟಿ, ಎಲ್ಲ ಕಣ್ಣ ಮುಂದೆ ಬಂದು ಹೋಯಿತು. ನೀಲಮ್ಮ ಬಂದು ಬಾಗಿಲ ಹತ್ತಿರವೇ ನಿಂತಳು.

"ಅಮ್ಮಾರ, ಇಲ್ಲಿ ಬಂದು ನೋಡ್ರಿ. ಮುಂದಿನಿಂದ ಎಪ್ಪತ್ತೊಂದು, ಬಾಜೂಲಿಂದ ಎಪ್ಪತ್ಮೂರು. ನನಗ ನಂಬಿಕಿ ಬರಲಿಲ್ಲ, ಅದಕ್ಕ ಮೂರ ಸಲ ತಗೊಂಡೆ. ಎಲುಬು ಹಿಡದದ!"

"ಹಿಡದದ ಅಂದ್ರ... ಇನ್ನ ಬಿಡಂಗಿಲ್ಲಲ್ಲ?" ನೀಲಮ್ಮ ಕೇಳಿದಳು.

"ಛಲೋ ಹಿಡದದ. ಇನ್ನ ಹಲ್ಲ ಕಟ್ಟೋದ."

ನಾನು ಬಾಯಿ ತೆರೆದುಕೊಂಡೇ "ಆಂ! ಆಂ!" ಎಂದು ಕೂಗುತ್ತಿದ್ದೆ. ಕಡ್ಡಿ ಇನ್ನೂ ಬಾಯಲ್ಲೇ ಇತ್ತು. ಶ್ರಾವಣಿ ಕೈ ಚಪ್ಪಾಳೆ ಹೊಡೆಯುತ್ತ ಕುಣಿಯುತ್ತಿದ್ದಳು. ನೀಲಮ್ಮ ಕಣ್ಣೊರೆಸಿಕೊಂಡು ಒಂದು ಮಾತು ಅಂದಳು:

"ಮೇಡಂ, ಆ ಅಂಕಿ ಇವರ ಎಲುಬಿಗಿ ಬಂದದ್ದಲ್ಲ. ನನ್ನ ಮಾಸ್ಕಿಗಿ ಬಂದದ್ದು."

ನರ್ಸಮ್ಮ ನಕ್ಕು ನಕ್ಕು ಗೋಡೆ ಹಿಡಿದಳು. ಹೌದು, ಆ ಎಪ್ಪತ್ತೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ನೀಲಮ್ಮನದೇ. ಅದನ್ನು ನಾನು ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇನೆ. ಬಾಯಿಂದ ಹೇಳಿದರೆ ಅವಳು ಇನ್ನೂ ಎತ್ತರ ಆಗುತ್ತಾಳೆ.

ಈಗ ಬೆಂಚಿನ ಮೇಲೆ ಕೂತವರಿಗೆ ನನ್ನ ಮಾತು. ಅಂಕಿ ಇಳಿದರೆ ಎದೆ ಒಡೆದುಕೊಳ್ಳಬೇಡಿ. ನನ್ನದು ಐವತ್ತೆರಡಕ್ಕೆ ಇಳಿದು ತಿರುಗಿ ಏರಿದೆ. ಎಲ್ಲರದೂ ಏರುತ್ತದೆ ಎಂದು ನಾನು ಹೇಳಲಾರೆ, ನಾನು ಡಾಕ್ಟರ್ ಅಲ್ಲ. ಆದರೆ ಎಲುಬಿನ ಮೇಲೆ ತಪ್ಪು ಹೊರಿಸುವ ಮುಂಚೆ ನಿಮ್ಮ ಕೈ ಏನು ಮಾಡುತ್ತಿದೆ ಎಂದು ಮನೆಯವರನ್ನು ಒಂದು ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿ. ಬಡಗಿಯವರು ಮೊಳೆ ಬಾಯಲ್ಲಿ ಕಚ್ಚುತ್ತೀರಿ, ಹೂ ಕಟ್ಟುವವರು ನಾರು ಹಲ್ಲಿನಲ್ಲಿ ಸೀಳುತ್ತೀರಿ. ನಮಗೆ ಅದು ಕಡಿಯುವುದು ಅಂತಲೇ ಅನಿಸುವುದಿಲ್ಲ. ಕಂಡದ್ದನ್ನು ಡಾಕ್ಟರಿಗೆ ಹೇಳಿಬಿಡಿ. ಅಳು ಬಂದರೂ ಹೇಳಿ.

ಮೇಡಂ ಅಂದೇ ಹಲ್ಲಿನ ಅಚ್ಚು ತೆಗೆದುಕೊಂಡರು. ಎರಡು ವಾರ ಬಿಟ್ಟು ಹಲ್ಲು ಬಂತು. ಬಣ್ಣವನ್ನು ನನ್ನ ಉಳಿದ ಹಲ್ಲಿಗೆ ಹೊಂದಿಸಿ ಸ್ವಲ್ಪ ಹಳದಿ ಮಾಡಿಸಿದ್ದರು. ಕನ್ನಡಿ ಕೊಟ್ಟರು. ನಾನು ನೋಡಿದೆ, ನೋಡುತ್ತಲೇ ಇದ್ದೆ. "ಸಾಕ ಮುತ್ಯಾ, ಕನ್ನಡಿಗೆ ದೃಷ್ಟಿ ಆಗ್ತದ," ಅಂದರು. ಹೊರಡುವಾಗ ಬೆರಳು ಎತ್ತಿ ಹೇಳಿದರು: "ರೊಟ್ಟಿ ತಿನ್ರಿ, ಹಣ್ಣ ಕಡೀರಿ. ದಾರ ಮಾತ್ರ ಈ ಜನ್ಮದಾಗ ಇಲ್ಲ."

ಅಂದೂ ಶ್ರಾವಣಿ ಜೊತೆಗಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಪೇರಲಹಣ್ಣಿನ ಬುಟ್ಟಿ ಕಂಡು ಕಾಲು ನೆಟ್ಟು ನಿಂತಳು. ಒಂದು ದೊಡ್ಡ ಹಣ್ಣು ಕೊಡಿಸಿದೆ. ಬಸ್ಸು ಹೊರಟು ಭೀಮಾ ಬ್ರಿಡ್ಜಿಗೆ ಬರುವ ತನಕ ಅವಳು ಅದನ್ನು ಈ ಕೆನ್ನೆಗೊಮ್ಮೆ ಆ ಕೆನ್ನೆಗೊಮ್ಮೆ ಹಿಡಿದು ಒದ್ದಾಡಿದಳು. ಆ ವಾರವಷ್ಟೇ ಅವಳ ಮೇಲಿನ ಮುಂದಿನ ಎರಡು ಹಾಲುಹಲ್ಲು ಬಿದ್ದಿದ್ದವು.

"ಮುತ್ಯಾ, ನನಗ ಕಡಿಯಾಕ ಬರವಲ್ದು," ಅಂದಳು. "ನೀ ಕಡದು ಕೊಡು."

ಯಾರು ಯಾರನ್ನು ಕೇಳುತ್ತಿದ್ದಾರೆ ನೋಡಿ! ಹತ್ತಿರ ಹತ್ತಿರ ವರ್ಷದಿಂದ ಒಂದು ಹಣ್ಣಿಗೂ ಮುಂದಿನ ಹಲ್ಲು ಹಚ್ಚದ ಮುತ್ಯಾನನ್ನು! ಪಕ್ಕದ ನೀಲಮ್ಮ, "ಸಾವಕಾಶ್ರಿ, ಸಾವಕಾಶ," ಎಂದು ನನ್ನ ಮೊಣಕೈ ಹಿಡಿದಳು. ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದೆ. ಹಲ್ಲು ಊರಿದೆ. ಸಿಪ್ಪೆ ಟಕ್ ಎಂದು ಬಿರಿಯಿತು, ತಿರುಳಿನೊಳಗೆ ಹಲ್ಲು ಇಳಿಯಿತು, ತುಂಡು ಬಾಯಿಗೆ ಬಂತು. ಒಳಗೆ ಏನೂ ಅಲುಗಲಿಲ್ಲ.

ತುಂಡನ್ನು ಶ್ರಾವಣಿಯ ಅಂಗೈಗೆ ಕೊಟ್ಟೆ. ಅವಳು ದವಡೆಯಲ್ಲಿ ಹಾಕಿಕೊಂಡು ಅಗಿಯುತ್ತ, ನನ್ನ ಕೈಯಲ್ಲಿ ಉಳಿದ ಹಣ್ಣನ್ನು ತಿರುಗಿಸಿ ನೋಡಿದಳು. ಬಿಳಿ ತಿರುಳಿನ ಮೇಲೆ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು. ನಡುವೆ ಎಲ್ಲೂ ಖಾಲಿ ಇರಲಿಲ್ಲ.

"ಮುತ್ಯಾ," ಬಾಯಿ ತುಂಬ ಪೇರಲ ಇಟ್ಟುಕೊಂಡು ಕೇಳಿದಳು, "ಇದರಾಗ ಹೊಸಾ ಹಲ್ಲಿಂದು ಯಾವುದು?"

ನಾನೂ ಬಗ್ಗಿ ನೋಡಿದೆ, ನೀಲಮ್ಮನೂ ಬಗ್ಗಿ ನೋಡಿದಳು. ದೋರನಹಳ್ಳಿ ದಾಟುವ ತನಕ ಮೂವರೂ ನೋಡಿದೆವು. ಒಬ್ಬರಿಗೂ ಗೊತ್ತಾಗಲಿಲ್ಲ.